ಒಂಬತ್ತು ಮೊದಲು, ಹದಿನೈದು ಆಮೇಲೆ

ಟರ್ಮಿನಲ್ ತೆಗೆದು ‘ಕಿಲ್ ಮೈನಸ್ ಎಲ್’ ಅಂತ ಹೊಡೆದು ನೋಡಿ. ಸಿಗ್ನಲ್‌ಗಳ ಪಟ್ಟಿ ಬರುತ್ತೆ. 1 ಹ್ಯಾಂಗಪ್, 2 ಇಂಟರಪ್ಟ್, 9 ಕಿಲ್, 15 ಟರ್ಮ್. ಬೇಕಾದ ನಂಬರ್ ಸಿಕ್ಕ ಮೇಲೆ ಯಾರೂ ಇದನ್ನ ಮತ್ತೆ ನೋಡಲ್ಲ. ನನಗೆ ಮಾತ್ರ ಈ ಪಟ್ಟಿ ಹಳೇ ಊರಿನ ಬೀದಿ ಹೆಸರುಗಳ ಥರ ಕಾಣುತ್ತೆ. ಕೆರೆ ಯಾವತ್ತೋ ಹೋಗಿ ಬಸ್ ಸ್ಟ್ಯಾಂಡ್ ಬಂದಿರುತ್ತೆ, ಹೆಸರು ಕೆರೆಯದ್ದೇ ಉಳಿದಿರುತ್ತೆ.

ಮೊದಲನೆಯದನ್ನೇ ತಗೊಳ್ಳಿ. ಹ್ಯಾಂಗಪ್ ಅಂದ್ರೆ ಫೋನ್ ಇಡೋದು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದ ಕಾಲಕ್ಕೆ ಟರ್ಮಿನಲ್ ಅಂದ್ರೆ ಟೆಲಿಟೈಪ್. ಸೆಕೆಂಡಿಗೆ 10 ಅಕ್ಷರ ಕಾಗದದ ಮೇಲೆ ಕುಟ್ಟುವ ಯಂತ್ರ. ದೂರದಲ್ಲಿರೋರು ಟೆಲಿಫೋನ್ ಲೈನ್ ಮೂಲಕ ಕಂಪ್ಯೂಟರ್‌ಗೆ ಸೇರ್ಕೋತಿದ್ರು. ಲೈನ್ ಕಟ್ಟಾದ್ರೆ ಆ ಕಡೆ ಓಡ್ತಿರೋ ಪ್ರೋಗ್ರಾಂ ಯಾರಿಗೋಸ್ಕರ ಓಡಬೇಕು? ಅದಕ್ಕೇ 1ನೇ ಸಿಗ್ನಲ್: ಫೋನ್ ಇಟ್ಟಾಯ್ತು, ನೀನೂ ಮುಗಿಸು. ಬೇಡ, ಓಡ್ತಾ ಇರಲಿ ಅನ್ನೋರಿಗೆ ‘ನೋಹಪ್’ ಬಂತು. ಇವತ್ತು ಮೋಡೆಮ್ಮೂ ಇಲ್ಲ, ಟೆಲಿಟೈಪೂ ಇಲ್ಲ. ಆದರೆ ಎಸ್‌ಎಸ್‌ಎಚ್ ಕಡಿದುಹೋದಾಗ ನಿಮ್ಮ ಎರಡು ಗಂಟೆಯ ಡೇಟಾ ಕಾಪಿ ಅರ್ಧದಲ್ಲಿ ಸಾಯೋದು ಇದೇ ಸಿಗ್ನಲ್‌ನಿಂದ.

ಕಂಟ್ರೋಲ್-ಸಿ ಕೂಡ ಮೊದಲಿಂದ ಇದ್ದದ್ದಲ್ಲ. ಹಳೇ ಯುನಿಕ್ಸ್‌ನಲ್ಲಿ ನಿಲ್ಲಿಸೋ ಕೀ ಡಿಲೀಟ್. ಅದರ ಕೋಡ್ 127, ಅಂದರೆ ಏಳೂ ಬಿಟ್ 1. ಪೇಪರ್ ಟೇಪಿನಲ್ಲಿ ತಪ್ಪಾದ ಅಕ್ಷರವನ್ನ ಅಳಿಸೋಕಾಗಲ್ಲವಲ್ಲ, ಹಾಗಾಗಿ ಅಲ್ಲಿ ಎಲ್ಲಾ ತೂತೂ ಕೊರೆದುಬಿಡ್ತಿದ್ರು! ಕಂಟ್ರೋಲ್-ಸಿ ಅಭ್ಯಾಸ ಆಮೇಲೆ ಡೆಕ್ ಕಂಪನಿಯ ಯಂತ್ರಗಳ ಕಡೆಯಿಂದ ಬಂತು.

1971ರ ಮೊದಲ ಆವೃತ್ತಿಯಲ್ಲಿ ಇಂಟರಪ್ಟ್ ಹಿಡಿಯೋಕೆ ಒಂದು ಸಿಸ್ಟಂ ಕಾಲ್, ಕ್ವಿಟ್ ಹಿಡಿಯೋಕೆ ಇನ್ನೊಂದು. 1973ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲಾ ಸೇರಿ ‘ಸಿಗ್ನಲ್’ ಅನ್ನೋ ಒಂದೇ ಕಾಲ್ ಆಯ್ತು. ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಅದರ ಮುಂದಿನ ಕಥೆ. 1975ರ ಆರನೇ ಆವೃತ್ತಿಯಲ್ಲಿ 15 ಇರಲೇ ಇಲ್ಲ, ಪಟ್ಟಿ 13ಕ್ಕೇ ಮುಗೀತಿತ್ತು. ಬರೀ ‘ಕಿಲ್’ ಅಂತ ಹೊಡೆದರೆ ಹೋಗ್ತಿದ್ದದ್ದು 9. ಅದನ್ನ ಹಿಡಿಯೋಕಾಗಲ್ಲ, ತಡೆಯೋಕಾಗಲ್ಲ. ‘ದಯವಿಟ್ಟು ಮುಗಿಸಪ್ಪಾ’ ಅನ್ನೋ 15 ಬಂದದ್ದು 1979ರ ಏಳನೇ ಆವೃತ್ತಿಯಲ್ಲಿ, ಅವತ್ತಿಂದ ‘ಕಿಲ್’ ಕಳಿಸೋದೂ ಅದನ್ನೇ. ಅಂದರೆ ಕುತ್ತಿಗೆ ಹಿಸುಕೋದು ಮೊದಲು, ಬಾಗಿಲು ತಟ್ಟೋದು ಆಮೇಲೆ.

ಆ ತಟ್ಟೋದೂ ಶುರುವಿನಲ್ಲಿ ನೆಟ್ಟಗಿರಲಿಲ್ಲ. ಪ್ರೋಗ್ರಾಂ ಒಂದು ಸಿಗ್ನಲ್ ಹಿಡಿದ ಕೂಡಲೇ ಆ ಏರ್ಪಾಡು ತಾನಾಗೇ ರದ್ದಾಗ್ತಿತ್ತು, ಮತ್ತೆ ಹೇಳಿಕೊಳ್ಳಬೇಕಿತ್ತು. ಆ ಚೂರು ಸಮಯದಲ್ಲಿ ಇನ್ನೊಂದು ಸಿಗ್ನಲ್ ಬಂದ್ರೆ ಪ್ರೋಗ್ರಾಂ ಸತ್ತಂತೆ. ಬರ್ಕ್ಲಿಯವರು 1983ರ 4.2 ಬಿಎಸ್‌ಡಿಯಲ್ಲಿ ಇದನ್ನ ಸರಿ ಮಾಡಿದರು, 1988ರ ಪೋಸಿಕ್ಸ್ ಒಂದು ಒಪ್ಪಂದಕ್ಕೆ ತಂತು. ನಡುವೆ ಒಂದೊಂದು ಯುನಿಕ್ಸ್‌ನಲ್ಲಿ ಒಂದೊಂದು ನಡವಳಿಕೆ. ಆ ಜಗಳ ಬಿಡಿ, ಅದಕ್ಕೇ ಬೇರೆ ಪುಸ್ತಕ ಬೇಕು.

ನಮ್ಮಂಥ ಸ್ಕ್ರಿಪ್ಟ್ ಬರೆಯೋರಿಗೆ ಮುಖ್ಯವಾದದ್ದು ಅದೇ ಏಳನೇ ಆವೃತ್ತಿಯ ಇನ್ನೊಂದು ಕೊಡುಗೆ: ಸ್ಟೀವ್ ಬೋರ್ನ್ ಬರೆದ ಶೆಲ್, ಅದರೊಳಗಿನ ‘ಟ್ರ್ಯಾಪ್’. 15 ಬಂದ್ರೆ ಲಾಕ್ ಫೈಲ್ ಅಳಿಸು, ಹೊರಡು, ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಹೇಳಿದ್ರೆ ಸಾಕಾ? ಸಾಲಲ್ಲ. ನಾನು ಹಿಂದೆ ಇದ್ದ ಒಂದು ಕಡೆ ರಾತ್ರಿ ಲೆಕ್ಕ ಜೋಡಿಸುವ ಬ್ಯಾಶ್ ಸ್ಕ್ರಿಪ್ಟ್ ಒಂದಿತ್ತು, ಕುಬರ್ನೆಟಿಸ್ ಮೇಲೆ ಓಡ್ತಿತ್ತು. ಟ್ರ್ಯಾಪ್ ಚೆನ್ನಾಗೇ ಬರೆದಿತ್ತು. ಆದರೂ ಒಂದು ರಾತ್ರಿ ಅದನ್ನ ನಡುವೆ ನಿಲ್ಲಿಸಿದಾಗ ಲಾಕ್ ಫೈಲ್ ಹಾಗೇ ಉಳೀತು. ಮುಂದಿನ ಮೂರು ರಾತ್ರಿ ಸ್ಕ್ರಿಪ್ಟ್ ಲಾಕ್ ನೋಡಿ ‘ಯಾರೋ ಓಡ್ತಿದಾರೆ’ ಅಂತ ಸುಮ್ಮನೆ ವಾಪಸ್ ಹೋಯ್ತು. ಅಕೌಂಟ್ಸ್‌ನವರು ಲೆಕ್ಕ ಎಲ್ಲಿ ಅಂತ ಕೇಳಿದಾಗಲೇ ಗೊತ್ತಾದದ್ದು.

ಕಾರಣ ಇಷ್ಟೇ. ಬ್ಯಾಶ್ ಒಂದು ಕಮಾಂಡ್ ಓಡಿಸ್ತಾ ಅದು ಮುಗಿಯೋಕೆ ಕಾಯ್ತಿದ್ದರೆ, ಸಿಗ್ನಲ್ ಬಂದರೂ ಟ್ರ್ಯಾಪ್ ಓಡಿಸಲ್ಲ, ಆ ಕಮಾಂಡ್ ಮುಗಿದ ಮೇಲೇ ಓಡಿಸೋದು. ಕುಬರ್ನೆಟಿಸ್ ಬೇರೇನೂ ಹೇಳದಿದ್ದರೆ 15 ಕಳಿಸಿ 30 ಸೆಕೆಂಡ್ ಕಾಯುತ್ತೆ, ಡಾಕರ್‌ನ ಸ್ಟಾಪ್ ಕಮಾಂಡ್ 10 ಸೆಕೆಂಡ್. ಆಮೇಲೆ 9. ಒಳಗಿನ ಕಮಾಂಡ್‌ಗೆ 20 ನಿಮಿಷದ ಕೆಲಸ ಇದ್ರೆ ಟ್ರ್ಯಾಪ್‌ನ ಸರದಿ ಬರೋದೇ ಇಲ್ಲ. ದೊಡ್ಡ ಕಮಾಂಡನ್ನ ಕೊನೆಗೆ ‘&’ ಹಾಕಿ ಹಿನ್ನೆಲೆಗೆ ತಳ್ಳಿ, ಮುಂದಿನ ಸಾಲಲ್ಲಿ ‘ವೇಟ್’ ಅಂತ ಕಾಯಬೇಕು. ವೇಟ್ ಮಾತ್ರ ಸಿಗ್ನಲ್ ಬಂದ ಕ್ಷಣ ಎದ್ದು ಬರುತ್ತೆ. ಟ್ರ್ಯಾಪ್ ಒಳಗೆ ಆ ಹಿನ್ನೆಲೆ ಕೆಲಸಕ್ಕೂ 15 ಕಳಿಸಿ, ಅದು ಮುಗಿದ ಮೇಲೆ ಲಾಕ್ ಅಳಿಸಬೇಕು. ಆ ಸ್ಕ್ರಿಪ್ಟ್‌ಗೆ ನಾವು ಸೇರಿಸಿದ್ದು ಒಟ್ಟು ನಾಲ್ಕು ಸಾಲು.

ಟ್ರ್ಯಾಪ್ ಇಲ್ಲದಿದ್ದರೆ ಇನ್ನೂ ತಮಾಷೆ. ಕಂಟೇನರ್ ಒಳಗೆ ಸ್ಕ್ರಿಪ್ಟೇ ಸಾಮಾನ್ಯವಾಗಿ 1ನೇ ಪ್ರೋಸೆಸ್. ಲಿನಕ್ಸ್‌ನಲ್ಲಿ 1ನೇ ಪ್ರೋಸೆಸ್ ಅಂದ್ರೆ ಮನೆಯ ಯಜಮಾನ, ಹಾಗಾಗಿ ಅದು ತಾನಾಗಿ ಹಿಡಿಯೋಕೆ ಒಪ್ಪದ 15 ಅದಕ್ಕೆ ತಾಕೋದೇ ಇಲ್ಲ. ಪೂರ್ತಿ 30 ಸೆಕೆಂಡ್ ಸುಮ್ಮನೆ ಕಳೆದು 9 ಬೀಳುತ್ತೆ.

ಲಾಗ್‌ನಲ್ಲಿ ಇದು ಎಕ್ಸಿಟ್ ಕೋಡ್ 137 ಅಂತ ಕಾಣುತ್ತೆ: 128ಕ್ಕೆ 9 ಕೂಡಿಸಿದ್ದು. ಮೆಮೊರಿ ಮೀರಿದಾಗಲೂ ಕರ್ನಲ್ ಹೊಡೆಯೋದು ಇದೇ 9, ಬರೋದು ಇದೇ 137, ಹಾಗಾಗಿ ಎಷ್ಟೋ ಜನ ಸುಮ್ಮಸುಮ್ಮನೆ ಮೆಮೊರಿ ಹೆಚ್ಚಿಸ್ತಾ ಕೂರ್ತಾರೆ. ಮೊದಲು ಗಡಿಯಾರ ನೋಡಿ. ನಿಲ್ಲಿಸು ಅಂದದ್ದಕ್ಕೂ ಸತ್ತದ್ದಕ್ಕೂ ನಡುವೆ ಸರಿಯಾಗಿ 30 ಸೆಕೆಂಡ್ ಇದ್ರೆ, ಹುಡುಕಬೇಕಾದದ್ದು ಟ್ರ್ಯಾಪ್ ಸಾಲನ್ನ.