ನಿಟ್ಟೂರಿನ ಬಂಡೆಯೂ ನಮ್ಮ ಲೆಕ್ಕದ ಪುಸ್ತಕವೂ

ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ಹತ್ತಿ, ಜೋಳಗಳ ವ್ಯಾಪಾರ ಮಾಡಿಕೊಂಡು ಮೂರು ದಶಕಗಳಿಗೂ ಮೇಲ್ಪಟ್ಟು ಕಳೆದ ನನಗೆ, ಅದೇ ತಾಲೂಕಿನ ನಿಟ್ಟೂರಿನ ಶಾಸನವನ್ನು ನೋಡಲು ಬಿಡುವು ದೊರೆತದ್ದು ಅಂಗಡಿಯನ್ನು ಮಕ್ಕಳ ಕೈಗೊಪ್ಪಿಸಿದ ಮೇಲೆಯೇ. ಕಳೆದ ಮಾಘ ಮಾಸದಲ್ಲಿ ತೆಕ್ಕಲಕೋಟೆಯವರೆಗೆ ಬಸ್ಸಿನಲ್ಲಿ ಹೋಗಿ, ಮುಂದೆ ಸ್ವಲ್ಪ ದೂರ ವಾಹನದಲ್ಲಿ ಸಾಗಿ, ಉಳಿದ ದಾರಿಯನ್ನು ನಡೆದು ಮುಗಿಸಿದೆ. ವಯಸ್ಸಾದವರಿಗೂ ಆಯಾಸವಾಗದ ಸಮತಟ್ಟಾದ ನೆಲ. ಆದರೆ ಬೇಸಿಗೆಯಲ್ಲಿ ಯಾರೂ ಹೋಗಬಾರದು.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದ ತರುವಾಯ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತ ಬೆಳೆಯುತ್ತಿದೆ. ಕಾಲುವೆ ತಲುಪದ ಕಡೆ ಹಳೆಯ ಬಳ್ಳಾರಿ ಸೀಮೆ ಹಾಗೆಯೇ ಉಳಿದಿದೆ: ಬಿರುಕು ಬಿಟ್ಟ ಎರೆ, ಜಾಲಿಯ ಪೊದೆ, ನೆರಳಿಲ್ಲದ ಕಲ್ಲುಗುಡ್ಡ. ಮರುಭೂಮಿ ಎನ್ನಲಾಗದು, ಆದರೂ ಹೊಸಬರಿಗೆ ಹಾಗೆಯೇ ತೋರುತ್ತದೆ. ಇಲ್ಲಿ ಮನುಷ್ಯವಾಸ ಬಹು ಪ್ರಾಚೀನವಾದುದು. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ ನವಶಿಲಾಯುಗದ ಜನರ ವಸತಿಗಳು ಬೆಳಕಿಗೆ ಬಂದವು.

ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲಿನ ಅಶೋಕನ ಶಾಸನಗಳು ವಿದ್ವಾಂಸರ ಗಮನಕ್ಕೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಅಶೋಕನೆಂಬ ಹೆಸರನ್ನೇ ನೇರವಾಗಿ ಹೇಳುವ ಬಂಡೆಶಾಸನಗಳು ಮಸ್ಕಿ, ನಿಟ್ಟೂರು, ಉಡೇಗೋಳ ಮತ್ತು ಮಧ್ಯಪ್ರದೇಶದ ಗುಜರ್ರಾಗಳಲ್ಲಿ ಮಾತ್ರ ದೊರೆತಿವೆ. ಉಳಿದೆಡೆ ‘ದೇವಾನಾಂಪ್ರಿಯ’ನೆಂಬ ಬಿರುದಷ್ಟೇ. ನಾಲ್ಕರಲ್ಲಿ ಮೂರು ನಮ್ಮ ನಾಡಿನವು, ಮೂರರಲ್ಲಿ ಎರಡು ನಮ್ಮ ತಾಲೂಕಿನವು.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಮ್ಮ ಆಗಮಗಳ ಭಾಷೆಯೂ ಪ್ರಾಕೃತವೇ ಆದುದರಿಂದ ನಮ್ಮಲ್ಲಿ ಕೆಲವರು ಅಶೋಕನನ್ನೂ ಜೈನನೆಂದು ಹೇಳುವುದುಂಟು. ಅದು ಸಲ್ಲದು. ತಾನು ಸಂಘವನ್ನು ಸೇರಿದ ಉಪಾಸಕನೆಂದು ಆತನೇ ಬರೆಸಿದ್ದಾನೆ. ಅದು ಬೌದ್ಧ ಸಂಘ. ದೆಹಲಿಗೆ ಸಾಗಿಸಲಾದ ಟೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ನಿರ್ಗ್ರಂಥರ ಯೋಗಕ್ಷೇಮವನ್ನೂ ನೋಡಿಕೊಳ್ಳಲು ಧರ್ಮಮಹಾಮಾತ್ರರನ್ನು ನೇಮಿಸಿದ ಸಂಗತಿ ಇದೆ. ನಮಗೆ ಅಷ್ಟು ಸಾಕು. ಪರರ ಬಂಡೆಯನ್ನು ನಮ್ಮದೆನ್ನುವುದು ಅಚೌರ್ಯವ್ರತಕ್ಕೆ ಒಪ್ಪುವ ನಡೆಯಲ್ಲ.

ನನ್ನನ್ನು ಬಹಳ ಹೊತ್ತು ಆ ಬಂಡೆಯೆದುರು ನಿಲ್ಲಿಸಿದ್ದು ಬೇರೆಯ ಮಾತು. ಕಿರು ಬಂಡೆಶಾಸನದಲ್ಲಿ ಚಕ್ರವರ್ತಿ ಹೇಳುವುದರ ಸಾರವಿಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲಿನ ಒಂದು ವರ್ಷ ತಾನು ಸರಿಯಾಗಿ ಪರಾಕ್ರಮಿಸಲಿಲ್ಲ, ಸಂಘವನ್ನು ಸಮೀಪಿಸಿದ ಮೇಲಿನ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಪ್ರಯತ್ನ ಮಾಡಿದ್ದೇನೆ, ಇದು ದೊಡ್ಡವರಿಗಷ್ಟೇ ಸಾಧ್ಯವಾದುದಲ್ಲ, ಸಣ್ಣವನೂ ಪ್ರಯತ್ನಿಸಿದರೆ ಸ್ವರ್ಗವನ್ನು ಪಡೆಯಬಲ್ಲ. ಬಿ.ಕಾಂ. ಓದಿ, ಜಮಾ-ಖರ್ಚು ಬರೆದು ಬಾಳು ಸವೆಸಿದವನಿಗೆ ಇದು ಒಂದು ಲೆಕ್ಕವಾಗಿಯೇ ಕಾಣಿಸಿತು. ಕಳಿಂಗವನ್ನು ಗೆದ್ದ ದೊರೆ ತನ್ನ ಒಂದು ವರ್ಷವನ್ನು ತಾನೇ ನಷ್ಟದ ಕಡೆಗೆ ಬರೆದು, ರಾಜಧಾನಿ ಪಾಟಲೀಪುತ್ರದಿಂದ ಇಷ್ಟು ದೂರದ ಸೀಮೆಯ ಕಲ್ಲಿನ ಮೇಲೆ ಕೆತ್ತಿಸಿದ. ಲಾಭವನ್ನು ಶಿಲೆಯ ಮೇಲೆ ಬರೆಸಿದವರನ್ನು ನಾವೆಲ್ಲರೂ ಕಂಡಿದ್ದೇವೆ.

ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಈ ಉಪದೇಶವನ್ನು ಭೇರಿ ಬಾರಿಸಿ ಜನಪದರಿಗೆ ತಿಳಿಸಬೇಕೆಂಬ ಆಜ್ಞೆ ಇದೆ. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ. ಆನೆಯ ಮಾವುತರು, ರಥ ನಡೆಸುವವರು, ಬ್ರಾಹ್ಮಣರು ಇವರೊಂದಿಗೆ ಕರಣಿಕರೂ ಹೀಗೆಯೇ ಬೋಧಿಸತಕ್ಕದ್ದು. ಕರಣಿಕರೆಂದರೆ ಬರಹ ಬರೆಯುವವರು, ನಮ್ಮಂಥವರೇ.

ಹಿಂದಿರುಗುವ ದಾರಿಯಲ್ಲಿ ನನ್ನ ಲೆಕ್ಕವೊಂದು ನೆನಪಾಗದೆ ಇರಲಿಲ್ಲ. ಹಲವು ವರ್ಷಗಳ ಹಿಂದೆ ಒಂದು ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ಖಜಾಂಚಿಯಾಗಿದ್ದೆ. ಮುಖಮಂಟಪದ ಹಾಸುಗಲ್ಲುಗಳಲ್ಲಿ ಒಂದರ ಮೇಲೆ ಸವೆದ ಅಕ್ಷರಗಳ ಮೂರು ಸಾಲುಗಳಿದ್ದವು. ಯಾರೋ ಸಲ್ಲೇಖನ ಕೈಕೊಂಡವರ ನಿಷಿಧಿಗಲ್ಲು ಇರಬೇಕೆಂದು ಹಿರಿಯರೊಬ್ಬರು ಹೇಳಿದರು. ಅಚ್ಚು ತೆಗೆಸಿ ಓದಿಸೋಣವೆಂದರೆ ಪಂಚಕಲ್ಯಾಣದ ದಿನ ಹತ್ತಿರವಾಗಿತ್ತು. ಆ ಕಲ್ಲನ್ನು ಮಗುಚಿ ಹಾಸಿ, ಮೇಲೆ ಅಮೃತಶಿಲೆ ಕೂರಿಸಲಾಯಿತು. ಯಾರೂ ನನ್ನನ್ನು ಬಲವಂತಪಡಿಸಲಿಲ್ಲ. ಬಿಲ್ಲಿಗೆ ರುಜು ಹಾಕಿದವನು ನಾನೇ. ಖರ್ಚಿನ ಪುಸ್ತಕದಲ್ಲಿ ‘ಹಳೆಯ ಕಲ್ಲು ತೆಗೆದ ಕೂಲಿ’ ಎಂದು ಬರೆದವನೂ ನಾನೇ. ತೆಗೆದಿರಲಿಲ್ಲ, ಮುಚ್ಚಿದ್ದೆವು. ಮೂರು ಸಾಲುಗಳಲ್ಲಿ ಯಾರ ಹೆಸರಿತ್ತೆಂದು ಇಂದಿಗೂ ತಿಳಿಯದು.

ಆ ಬಸದಿಯ ಈಗಿನ ಧರ್ಮದರ್ಶಿಗಳಿಗೆ ಪತ್ರ ಬರೆದು, ಯಾವ ಅಂಕಣದ ಎಷ್ಟನೆಯ ಕಲ್ಲೆಂಬುದನ್ನು ತಿಳಿಸಿದ್ದೇನೆ. ಅಮೃತಶಿಲೆಯ ಎರಡು ಚಪ್ಪಡಿಗಳನ್ನು ಎಬ್ಬಿಸುವ ಮತ್ತು ಮರಳಿ ಕೂರಿಸುವ ವೆಚ್ಚವನ್ನು ನಾನು ಭರಿಸುವುದಾಗಿಯೂ ಒಪ್ಪಿಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ವಿಷಯವನ್ನು ಇಡುವುದಾಗಿ ಉತ್ತರ ಬಂದಿದೆ.