ಚಿಕ್ಕೋಡಿ–ಅಥಣಿ ಸೀಮೆಯ ಮದ್ಯತ್ಯಾಗಿಗಳ ಕೂಟಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬೀ ಐದು ತಾಲೂಕುಗಳ ಸೀಮೆಯಲ್ಲಿ ಮದ್ಯದ ಚರಿತ್ರೆಯನ್ನು ಬರೆಯಹೊರಟವನಿಗೆ ಸರಕಾರದ ಕಾಯಿದೆಗಳೂ ಕಾಗದಪತ್ರಗಳೂ ಉಂಟು. ಮದ್ಯವನ್ನು ಬಿಟ್ಟವರ ಚರಿತ್ರೆಗೆ ಮಾತ್ರ ಆಧಾರಗಳು ಅತಿ ವಿರಳ. ಕುಡಿತವನ್ನು ತೊರೆಯಬೇಕೆಂದು ಮನಸ್ಸುಮಾಡಿದವನು ತನ್ನಂತೆಯೇ ತೊರೆದ ಮತ್ತೊಬ್ಬನನ್ನು ಎಲ್ಲಿ ಕಂಡಾನು, ಅವನೊಡನೆ ಹೇಗೆ ಕುಳಿತಾನು ಎಂಬುದನ್ನು ಪ್ರಕೃತ ಲೇಖನದಲ್ಲಿ ಕೊಂಚ ವಿಚಾರಮಾಡುವ ಉದ್ದೇಶವಿದೆ.

ಮೊದಲು ಕಾಯಿದೆಯ ಮಾತನ್ನು ಮುಗಿಸಿಬಿಡೋಣ. ಈ ಸೀಮೆಯ ಬಹುಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ೧೮೭೮ರ ಅಬಕಾರಿ ಕಾಯಿದೆಗೆ ಮದ್ಯವು ಉತ್ಪನ್ನದ ಒಂದು ಬಾಬು. ೧೯೪೯ರ ಮುಂಬಯಿ ಪಾನನಿಷೇಧ ಕಾಯಿದೆಗೆ ಅದೇ ಅಪರಾಧ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೧ರಲ್ಲಿ ಆ ರಾಜ್ಯವೂ ತನ್ನದೊಂದು ನಿಷೇಧದ ಕಾಯಿದೆಯನ್ನು ಮಾಡಿ, ಅದೇ ದಶಕ ಮುಗಿಯುವಷ್ಟರಲ್ಲಿ ನಿಷೇಧವನ್ನು ತೆಗೆಯಿತು. ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಿತು, ಇತರ ಮದ್ಯಗಳು ನಿಲ್ಲಲಿಲ್ಲ. ಹೀಗೆ ಒಬ್ಬನೇ ಮನುಷ್ಯನು ತನ್ನ ಹೊಸ್ತಿಲನ್ನು ಬಿಟ್ಟು ಕದಲದೆಯೇ ಮೊದಲು ಗಿರಾಕಿಯೂ, ಬಳಿಕ ಅಪರಾಧಿಯೂ, ಪುನಃ ಗಿರಾಕಿಯೂ ಆದನು. ಅಂಗಡಿಯ ಬಾಗಿಲು ತೆರೆದಿರಲಿ ಮುಚ್ಚಿರಲಿ, ಸಂಜೆಯ ಹೊತ್ತನ್ನು ಅವನು ಯಾರೊಡನೆ ಕಳೆಯಬೇಕೆಂಬುದನ್ನು ಈ ಕಾಯಿದೆಗಳಾವುವೂ ಹೇಳಲಿಲ್ಲ. ಹೇಳುವುದು ಅವುಗಳ ಕೆಲಸವೂ ಅಲ್ಲ.

ಆ ಕೆಲಸವನ್ನು ಮೊದಲಿನಿಂದ ಮಾಡಿಕೊಂಡು ಬಂದುದು ಪಂಢರಪುರದ ವಾರಕರೀ ಸಂಪ್ರದಾಯವೆಂದು ನಮಗೆ ತೋರುತ್ತದೆ. ಆಷಾಢ ಕಾರ್ತಿಕಗಳಲ್ಲಿ ವಾರಿಗೆ ಹೋಗುವವರು ಈ ಗಡಿನಾಡಿನ ಕನ್ನಡಿಗರಲ್ಲಿಯೂ ಮರಾಠಿಗರಲ್ಲಿಯೂ ಉಂಟು. ತುಲಸೀಮಾಲೆಯನ್ನು ಧರಿಸಿ ‘ಮಾಳಕರಿ’ಯಾದವನು ಮದ್ಯಮಾಂಸಗಳನ್ನು ಬಿಡಬೇಕೆಂಬುದು ಕಟ್ಟಳೆ. ಇದನ್ನು ಕೇವಲ ಮತಾಚಾರವೆಂದು ಎಣಿಸಿ ಮುಂದೆ ಹೋಗುವ ವಿದ್ವಾಂಸರು ಅದರ ಲೌಕಿಕ ರಚನೆಯನ್ನು ಗಮನಿಸಬೇಕು. ವ್ರತವು ಒಂದು ದಿನದ್ದಲ್ಲ. ಏಕಾದಶಿಯು ಪಕ್ಷಕ್ಕೊಮ್ಮೆ ತಪ್ಪದೆ ಬರುತ್ತದೆ, ಭಜನೆಗೆ ಅವರೇ ಜನರು ಮತ್ತೆ ಕೂಡುತ್ತಾರೆ, ತಾಳ ಹಿಡಿಯುವವನು ಬಾರದಿದ್ದರೆ ಅವನ ಸ್ಥಳವು ತೆರವಾಗಿ ಕಾಣುತ್ತದೆ. ಶುಲ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಾಲೆಯು ಕೊರಳಲ್ಲಿ ಕಾಣುತ್ತಿರುವುದರಿಂದ ಕೂಟವನ್ನು ಹುಡುಕುವವನು ಯಾರನ್ನೂ ವಿಚಾರಿಸಬೇಕಾಗಿಲ್ಲ. ಸಂತೆಯಲ್ಲಿ ನಿಂತು ಕಣ್ಣೆತ್ತಿದರೆ ಸಾಕು.

ಇದೇ ಸೀಮೆಯೊಡನೆ ನಂಟುಳ್ಳ ಎರಡನೆಯ ಪ್ರಯೋಗವು ವೀರಶೈವ ವಿರಕ್ತರದು. ಅಥಣಿ ತಾಲೂಕಿನ ಸವದಿಯ ವಿರಕ್ತಮಠದಲ್ಲಿದ್ದು, ೧೯೭೦ರಲ್ಲಿ ಇಳಕಲ್ಲಿನ ಚಿತ್ತರಗಿ ಪೀಠಕ್ಕೆ ಬಂದ ಮಹಾಂತ ಸ್ವಾಮಿಗಳು (೧೯೩೦–೨೦೧೮) ೧೯೭೫ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದರು. ಜೋಳಿಗೆ ಎಂಬ ಶಬ್ದವು ಜಂಗಮರ ಕಂತಿಭಿಕ್ಷೆಯಿಂದ ನಮಗೆ ಚಿರಪರಿಚಿತವಾದುದು. ಅದರೊಳಗೆ ಬೀಳುವುದು ಧಾನ್ಯ, ಕಾಣಿಕೆ. ಸ್ವಾಮಿಗಳು ಬೇಡಿದುದು ದುಶ್ಚಟವನ್ನು. ದಾತನು ಕೊಟ್ಟು ಬಡವನಾಗದೆ ಉಳಿಯುವ ಈ ಭಿಕ್ಷೆಯಲ್ಲಿ ಸಂಪ್ರದಾಯವೇ ತಲೆಕೆಳಗಾಗಿದೆ. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಜೋಳಿಗೆಗೆ ಚಟವನ್ನು ಹಾಕಿದವನು ಮರುದಿನ ಸಂಜೆ ಒಬ್ಬಂಟಿಗನೇ. ವಚನಕೊಟ್ಟ ಗುರುವು ಮುಂದಿನ ಊರಿಗೆ ಹೋಗಿರುತ್ತಾರೆ.

ಆ ಕೊರತೆಯನ್ನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಅರಿತಂತಿದೆ. ಎಂಟು ದಿನಗಳ ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ‘ನವಜೀವನ ಸಮಿತಿ’ಯೆಂಬ ಕೂಟವನ್ನು ಕಟ್ಟಿಕೊಳ್ಳುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯವೆಂದು ನಮ್ಮ ಅಭಿಪ್ರಾಯ.

ಇವೆಲ್ಲಕ್ಕೂ ಹೊರತಾಗಿ ಹುಟ್ಟಿದುದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಅನಾಮಿಕರ ಸಂಘ. ೧೯೩೫ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ವ್ಯಾಪಾರ ಕೈಗೂಡದೆ ನಿಂತಿದ್ದ ಬಿಲ್ ವಿಲ್ಸನ್ ಎಂಬವನು, ಮತ್ತೆ ಕುಡಿದೇನೆಂಬ ಭಯದಿಂದ, ಮಾತನಾಡಲು ಮತ್ತೊಬ್ಬ ಕುಡುಕನನ್ನು ಹುಡುಕಿದನು. ಸಿಕ್ಕಿದವನು ಬಾಬ್ ಸ್ಮಿತ್ ಎಂಬ ವೈದ್ಯ. ಉಪದೇಶಿಸಲೆಂದಲ್ಲ, ತಾನು ಉಳಿಯಲೆಂದು ಹುಡುಕಿದನೆಂಬುದೇ ಇಲ್ಲಿಯ ವಿಶೇಷ. ಇಂಡಿಯಾದಲ್ಲಿ ಈ ಸಂಘವು ೧೯೫೭ರಲ್ಲಿ ಮುಂಬಯಿಯಲ್ಲಿ ಬೇರೂರಿತು: ನಿಷೇಧವು ಜಾರಿಯಲ್ಲಿದ್ದ ನಗರದಲ್ಲಿಯೇ! ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅಲ್ಲಿ ಸದಸ್ಯತ್ವದ ಅರ್ಹತೆ. ಹೊಸಬನು ಹಿಂದೆ ಕುಳಿತು ಕೇಳಿದರೂ ಆದೀತು, ಮಾತನಾಡಲೇಬೇಕೆಂಬ ನಿರ್ಬಂಧವಿಲ್ಲ. ಬಹುಕಾಲ ಅತಿಯಾಗಿ ಕುಡಿದವನು ಥಟ್ಟನೆ ಬಿಟ್ಟರೆ ನಡುಕ, ಸನ್ನಿ, ಪ್ರಾಣಾಪಾಯಗಳೂ ಉಂಟಾದಾವು. ಅಂಥವನು ಕೂಟಕ್ಕೆ ಮುಂಚೆ ವೈದ್ಯನನ್ನು ಕಾಣತಕ್ಕದ್ದು.

ಮಾಳಕರಿಯ ಕೂಟಕ್ಕೂ ಅನಾಮಿಕರ ಕೂಟಕ್ಕೂ ಸಾಮ್ಯವು ಬಹಳ: ನಿಯತಕಾಲ, ಸಮಾನರ ಸಂಗ, ದೈವದಲ್ಲಿ ಶರಣು. ಭೇದವು ಒಂದರಲ್ಲಿ. ಒಂದು ತ್ಯಾಗವನ್ನು ಕೊರಳಲ್ಲಿ ತೋರಿಸುತ್ತದೆ, ಇನ್ನೊಂದು ಹೆಸರನ್ನೇ ಮುಚ್ಚುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ರಾಯಬಾಗದಂತಹ ಊರಲ್ಲಿ ನಾಚಿಕೆಪಡುವವನಿಗೆ ಎರಡನೆಯದು ಒಳ್ಳೆಯ ಮರೆ. ಆದರೆ ಮರೆಯಲ್ಲಿರುವುದನ್ನು ಹುಡುಕುವುದು ಕಷ್ಟ. ೧೪೪೪೬ ಎಂಬ ರಾಷ್ಟ್ರೀಯ ವ್ಯಸನಮುಕ್ತಿ ದೂರವಾಣಿಯು ಈ ಕಷ್ಟವನ್ನು ತಕ್ಕಮಟ್ಟಿಗೆ ನೀಗಿಸುತ್ತದೆ.

ಚರಿತ್ರಕಾರನಿಗೂ ಇದೇ ತೊಡಕು. ಶಾಸನಗಳು ದತ್ತಿಕೊಟ್ಟವರನ್ನು ಹೆಸರಿಸುತ್ತವೆ, ಬಿಟ್ಟವರನ್ನಲ್ಲ. ಈ ತಾಲೂಕುಗಳ ಉಪಾಧ್ಯಾಯರು ತಮ್ಮ ಊರಿನ ಭಜನಾಮಂಡಳಿಗಳ ಹಿರಿಯರನ್ನು ಕಂಡು, ಯಾವ ವರ್ಷದಲ್ಲಿ ಎಷ್ಟು ಮಂದಿ ಮಾಲೆ ಹಾಕಿಕೊಂಡರು, ಎಷ್ಟು ಮಂದಿ ಉಳಿದರು ಎಂಬುದನ್ನು ಬರೆದಿಡಬಹುದು. ಹೆಸರುಗಳನ್ನು ಕೇಳದೆ, ಊರನ್ನೂ ವರ್ಷವನ್ನೂ ಮಾತ್ರ.