ಎತ್ತಿನ ಸೋಮವಾರ

ಗೋಡೆಗೆ ಕ್ಯಾಲೆಂಡರ್ ತೂಗುಹಾಕಬೇಕಿತ್ತು. ಗದಗಿನಲ್ಲಿ ಅಚ್ಚಾದದ್ದು; ಅಮಾವಾಸ್ಯೆ, ಹುಣ್ಣಿಮೆ, ಮಳೆ ನಕ್ಷತ್ರ ಎಲ್ಲ ಇರುವಂಥದ್ದು. ನಮ್ಮೂರು ಅಸುಂಡಿಯಿಂದ ಹೊರಡುವಾಗ ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಮಗಳ ಮನೆ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಲ್ಲಿ. ಅಳಿಯನ ಡ್ರಿಲ್ಲು ಹುಡುಕಿ ಗೋಡೆಗೆ ಹಚ್ಚಿ ಗುಂಡಿ ಒತ್ತಿದೆ. ಅರ್ಧ ಇಂಚು ಇಳಿದಿರಲಿಲ್ಲ, ಕರೆಗಂಟೆ ಹೊಡೆಯಿತು. ಕೆಳಗಿನ ಮನೆಯ ಮುದುಕಿ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಒಂದೇ ಮಾತು ಅಂದು ನಿಂತಳು. ಮಗಳು ಅಡುಗೆಮನೆಯಿಂದಲೇ ಹೇಳಿದಳು: ‘ಅಪ್ಪಾ, ಇವತ್ತ ರವಿವಾರ ಅಂತ ಹೇಳಾಕತ್ತಾರ.’

ಡ್ರಿಲ್ಲು ಕೆಳಗಿಟ್ಟೆ. ಐವತ್ತು ವರ್ಷದ ಹಿಂದೆ ಹೆಚ್ಚೂಕಡಿಮೆ ಇದೇ ಮಾತನ್ನು ಊರಲ್ಲಿ ಒಬ್ಬರು ನನಗೆ ಹೇಳಿದ್ದರು. ವಾರ ಮಾತ್ರ ಬೇರೆ.

ಆಗ ನನಗೆ ಹದಿನಾರು. ಜೋಳದ ಹೊಲದಲ್ಲಿ ಎಡೆ ಹೊಡೆಯುವುದು ಬಾಕಿ ಉಳಿದಿತ್ತು. ಅಪ್ಪ ಪ್ಯಾಟಿಗೆ ಹೋಗಿದ್ದ. ಅವನು ಬರುವುದರೊಳಗೆ ಮುಗಿಸಿ ಶಾಬಾಸ್ ಅನ್ನಿಸಿಕೊಳ್ಳೋಣ ಅಂತ ಎತ್ತು ಹೂಡಿದೆ. ಎರಡು ಸಾಲು ತಿರುಗಿಸುವುದರೊಳಗೆ ಬದುವಿನ ಮೇಲೆ ಪಕ್ಕದ ಹೊಲದ ಹಿರಿಯರು ನಿಂತಿದ್ದರು. ‘ತಮ್ಮಾ, ಯಾವ ವಾರ ಇವತ್ತ?’ ಅಷ್ಟೇ. ನಾನು ಉತ್ತರ ಕೊಡಲಿಲ್ಲ. ಕೊರಳ ಹಗ್ಗ ಬಿಚ್ಚಿ ನೊಗ ಇಳಿಸಿದೆ. ಎತ್ತುಗಳು ತಾವೇ ಮನೆಯ ದಾರಿ ಹಿಡಿದವು.

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಎತ್ತಿಗೇ ಬಸವಣ್ಣ ಅನ್ನುತ್ತೇವೆ. ಶಿವನ ವಾಹನ ನಂದಿಯೂ ಅವನೇ, ಹನ್ನೆರಡನೆಯ ಶತಮಾನದ ಕಲ್ಯಾಣದ ಬಸವಣ್ಣನವರೂ ಆ ಹೆಸರಿನೊಳಗೇ ಕೂತಿದ್ದಾರೆ. ಅಂದು ರಂಟೆ, ಕುಂಟೆ, ಕೂರಿಗೆ, ಬಂಡಿ ಯಾವುದಕ್ಕೂ ಎತ್ತು ಹೂಡುವಂತಿಲ್ಲ. ಲಿಂಗಾಯತರಷ್ಟೇ ಅಲ್ಲ, ನಮ್ಮೂರಲ್ಲಿ ಎತ್ತು ಕಟ್ಟಿದ ಮನೆಯವರೆಲ್ಲ ಪಾಲಿಸುತ್ತಿದ್ದರು. ಬೆಳಿಗ್ಗೆ ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೆಗಲ ಮೇಲೆ ಹುಣ್ಣಾಗಿದೆಯೋ ಅಂತ ಅಪ್ಪ ಅಂಗೈಯಿಂದ ಒತ್ತಿ ನೋಡುತ್ತಿದ್ದ. ಎತ್ತು ಚರ್ಮ ಅದುರಿಸಿದರೆ ಅಲ್ಲಿ ಎಣ್ಣೆ ಅರಿಶಿನ. ಆಮೇಲೆ ಹಗ್ಗ ಹೊಸೆಯುವುದು, ಕುಂಟೆಯ ಕುಡ ಬಡಿಸಲು ಕಮ್ಮಾರನ ಕಡೆ ಹೋಗುವುದು. ಅವ್ವನಿಗೆ ಮಾತ್ರ ಸೋಮವಾರ ಇರಲಿಲ್ಲ. ಅಂದೂ ರೊಟ್ಟಿ ಬಡಿಯಬೇಕು, ನೀರು ತರಬೇಕು, ಸಗಣಿ ಬಳಿಯಬೇಕು. ಈ ಪದ್ಧತಿಯನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಾಲಿಗೆ ರಜೆ ರವಿವಾರ. ಅಂದು ಎತ್ತಿನ ಜೊತೆ ನನಗೂ ಹೊಲ. ಸೋಮವಾರ ಎತ್ತು ಗೋದಲಿಯ ಮುಂದೆ ಮಲಗಿ ಮೆಲುಕು ಹಾಕುತ್ತಿದ್ದರೆ ನಾನು ಪಾಟಿಚೀಲ ಹಿಡಿದು ಸಾಲಿಗೆ. ಒಂದೇ ದಿನ ಇಬ್ಬರಿಗೂ ಸೂಟಿ ಸಿಕ್ಕ ನೆನಪಿಲ್ಲ.

ರವಿವಾರ ನಮ್ಮ ಕಡೆಗೆ ಬಂದದ್ದು ಕಚೇರಿ, ಸಾಲಿ, ಇಗರ್ಜಿಗಳ ಜೊತೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅದೇ ವರ್ಷ ನಮ್ಮ ಗದಗ ತಾಲೂಕಿನದೇ ಮಲ್ಲಸಮುದ್ರದಲ್ಲಿ ಒಕ್ಕಲುತನದ ಒಂದು ವಸತಿಯನ್ನೂ ಹೂಡಿ ನೋಡಿದರು. ಅದು ಬಹಳ ಕಾಲ ಬಾಳಲಿಲ್ಲ. ಆ ಮಿಶನ್ನಿನ ಬಹಳ ಮಂದಿ ನಾನೀಗ ಕೂತಿರುವ ಈ ವುರ್ಟೆಂಬೆರ್ಗ್ ಸೀಮೆಯವರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಲ್ಲಿಂದ ದೂರವಿಲ್ಲ. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕೂ ಮೊದಲು ಹೊರಟವರು, ಮನೆಯ ಕಾಗದಕ್ಕೆ ತಿಂಗಳುಗಟ್ಟಲೆ ದಾರಿ ಕಾದವರು. ಆ ನಿಧಾನಕ್ಕೆ ಅವರು ನಮ್ಮೂರ ಕಡೆ ಹೇಗೆ ಒಗ್ಗಿಕೊಂಡಿರಬೇಕು ಅಂತ ಯೋಚಿಸುತ್ತೇನೆ. ನನಗಂತೂ ಇಲ್ಲಿ ಎರಡು ತಿಂಗಳು ಬೇಕಾಯಿತು.

ಗದಗಿನ ದಲಾಲಿ ಅಂಗಡಿಯಲ್ಲಿ ಜೀವನಪೂರ್ತಿ ಲೆಕ್ಕ ಬರೆದವ ನಾನು. ಒಳ್ಳೆ ಮೆಣಸಿನಕಾಯಿ ಸೀಜನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಇಲ್ಲಿ ರವಿವಾರ ಅಂಗಡಿ ಮುಚ್ಚಿರುತ್ತದೆ. ಮೊಸರು ಮುಗಿದರೆ ಸೋಮವಾರದವರೆಗೆ ಮಜ್ಜಿಗೆ ಇಲ್ಲ. ಖಾಲಿ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವಂತಿಲ್ಲ, ಗಾಜಿನ ಸದ್ದಾಗುತ್ತದೆ. ಸತ್ತ ಊರಿದು ಅಂತ ಫೋನಿನಲ್ಲಿ ತಮ್ಮನಿಗೆ ಬೈದಿದ್ದೆ.

ಈ ರವಿವಾರಕ್ಕೆ ಇಲ್ಲಿ ಸಂವಿಧಾನದ ಕಾವಲಿದೆ. 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಅದನ್ನು ವಿಶ್ರಾಂತಿಯ ದಿನವಾಗಿ ರಕ್ಷಿಸಿತು. 1949ರ ಹೊಸ ಸಂವಿಧಾನ ಆ ವಿಧಿಯನ್ನು ಹಾಗೇ ಉಳಿಸಿಕೊಂಡಿತು. ಬೇರು ಇನ್ನೂ ಹಿಂದಿನದು. ರೋಮಿನ ಸಾಮ್ರಾಟ ಕಾನ್‌ಸ್ಟಂಟೈನ್ 321ರ ಮಾರ್ಚ್ 7ರಂದು, ಸೂರ್ಯನ ವಾರ ನ್ಯಾಯಾಲಯ, ಪಟ್ಟಣಿಗರು, ಕಸಬುದಾರರು ಕೆಲಸ ನಿಲ್ಲಿಸಲಿ ಎಂದು ಆಜ್ಞೆ ಹೊರಡಿಸಿದ. ಒಕ್ಕಲಿಗರಿಗೆ ಮಾತ್ರ ವಿನಾಯಿತಿ: ಬಿತ್ತನೆಗೆ ಒದಗಿದ ದಿನ ತಪ್ಪಿದರೆ ದೇವರು ಕೊಟ್ಟದ್ದು ಕೈಬಿಟ್ಟೀತು ಅಂತ.

ಅಂದರೆ ಅವನಿಗೂ ಹದ ಗೊತ್ತಿತ್ತು. ಎರೆಭೂಮಿಯವರಿಗೆ ಹದವನ್ನು ಹೊಸದಾಗಿ ಹೇಳಬೇಕೇ? ಮಳೆಯಾದ ಮರುದಿನ ಹೊಲಕ್ಕಿಳಿದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ನಾಲ್ಕು ದಿನ ಬಿಟ್ಟರೆ ಒಣಗಿ ಬಿರಿಯುತ್ತದೆ. ನಡುವೆ ಸಿಗುವುದೇ ಒಂದೆರಡು ದಿನ. ಅದರಲ್ಲೊಂದು ಸೋಮವಾರವಾದರೆ? ಅಪ್ಪ ಬದುವಿನ ಮೇಲೆ ಕೂತು ಮಣ್ಣು ಮುಷ್ಟಿಯಲ್ಲಿ ಹಿಡಿದು ಉದುರಿಸಿ ನೋಡಿ, ಎದ್ದು ಮನೆಗೆ ಬರುತ್ತಿದ್ದ. ಸಾಮ್ರಾಟ ಕೊಟ್ಟ ವಿನಾಯಿತಿಯನ್ನು ನಮ್ಮವರು ತಮಗೆ ತಾವು ಕೊಟ್ಟುಕೊಳ್ಳಲಿಲ್ಲ. ಇದರಿಂದ ಬೆಳೆ ಕಳೆದುಕೊಂಡದ್ದೂ ಉಂಟು. ಚಿನ್ನದ ಕಾಲ ಅಂತ ನಾನು ಹೇಳಲಾರೆ.

ಮನುಷ್ಯರ ವಾರದ ರಜೆಗೂ ಜಗಳವೇ ಬೇಕಾಯಿತು. ಮುಂಬಯಿ ಗಿರಣಿ ಕಾರ್ಮಿಕರಿಗೆ ರವಿವಾರದ ಬಿಡುವು ಸಿಕ್ಕದ್ದು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ. ಎತ್ತಿನ ಪರವಾಗಿ ಸರಕಾರ ನಿಯಮ ಮಾಡಿದ್ದು 1965ರಲ್ಲಿ: ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ ಐದು ತಾಸು ದಾಟಬಾರದು. ನಮ್ಮೂರಲ್ಲಿ ಅದನ್ನು ಯಾರೂ ಓದಿದ್ದಿಲ್ಲ. ಓದುವ ಕಾರಣವೂ ಬರಲಿಲ್ಲ, ಯಾಕೆಂದರೆ ಟ್ರ್ಯಾಕ್ಟರ್ ಬಂತು. ತಾಸಿನ ಬಾಡಿಗೆ ಲೆಕ್ಕದಲ್ಲಿ ದುಡಿಯುವ ಅದಕ್ಕೆ ವಾರ ಯಾವುದು? ನಾನೊಮ್ಮೆ ಸೋಮವಾರ ಅಂತ ತಡೆದಾಗ ತಮ್ಮ ನಕ್ಕಿದ್ದ: ‘ಟ್ರ್ಯಾಕ್ಟರಿಗೇನ ಕೋಡ ಅದಾವೇನಣ್ಣಾ?’ ಈಗ ಅವನ ಕೊಟ್ಟಿಗೆಯಲ್ಲಿ ಎತ್ತಿಲ್ಲ. ಕಾರಹುಣ್ಣಿಮೆಗೆ ಟ್ರ್ಯಾಕ್ಟರನ್ನೇ ತೊಳೆದು ಮಾಲೆ ಹಾಕುತ್ತಾನೆ.

ಆ ರವಿವಾರ ಸಂಜೆ ಕ್ಯಾಲೆಂಡರ್ ಗೋಡೆಗೊರಗಿ ನೆಲದ ಮೇಲೇ ಇತ್ತು. ಮಗಳು, ಅಳಿಯ, ನಾನು ಮೂವರೂ ನದಿದಂಡೆಗುಂಟ ನಡೆದುಬಂದೆವು. ಮೊಬೈಲು ಮನೆಯಲ್ಲೇ ಬಿಟ್ಟಿದ್ದೆ.

ಮರುದಿನ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ತೂತು ಕೊರೆದು ಕ್ಯಾಲೆಂಡರ್ ತೂಗುಹಾಕಿ, ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. ಅಲ್ಲಿ ಮಧ್ಯಾಹ್ನ ದಾಟಿತ್ತು. ತಕ್ಷಣ ಫೋನು ಬಂತು.

‘ಸೋಮವಾರ ಕೊರದ್ಯೇನಣ್ಣಾ?’

‘ಹೌದಪಾ. ಇದಕ್ಕೇನ ಕೋಡ ಅದಾವೇನ?’